ಹಿಡಿದುಕೊಂಡು ಹೋದ ನಾಯಿ ಮತ್ತೆ ನಮ್ಮ ಬೀದಿಗೇ ಏಕೆ?

ಪ್ರಶ್ನೆ: ನಮ್ಮ ಬಡಾವಣೆಯಲ್ಲಿ ಹದಿನೈದು ಬೀದಿನಾಯಿಗಳಿವೆ. ದೂರು ಕೊಟ್ಟ ಮೇಲೆ ವ್ಯಾನ್ ಬಂದು ಆರನ್ನು ಹಿಡಿದೊಯ್ದಿತು. ವಾರ ತುಂಬುವುದರೊಳಗೆ ಅವೇ ಆರನ್ನು ತಂದು ಇಲ್ಲೇ ಬಿಟ್ಟರು. ಊರಾಚೆ ಬಿಡಿ ಎಂದರೆ ಕಾನೂನಿನಲ್ಲಿ ಅವಕಾಶವಿಲ್ಲ ಎನ್ನುತ್ತಾರೆ. ನಿಜವೇ, ನುಣುಚಿಕೊಳ್ಳುವ ಮಾತೇ?

ಉತ್ತರ: ನಿಜ. 2023ರ ಮಾರ್ಚ್‌ನಲ್ಲಿ ಬಂದ ಪ್ರಾಣಿ ಜನನ ನಿಯಂತ್ರಣ ನಿಯಮಗಳ ಪ್ರಕಾರ (ಕಚೇರಿಗಳಲ್ಲಿ ಬರೀ ‘ಎಬಿಸಿ’ ಎನ್ನುತ್ತಾರೆ) ನಾಯಿಯನ್ನು ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ರೇಬಿಸ್ ಲಸಿಕೆ ಹಾಕಿ, ಗಾಯ ಮಾಗಿದ ಮೇಲೆ ಹಿಡಿದ ಜಾಗಕ್ಕೇ ಬಿಡಬೇಕು. ಊರಾಚೆ ಬಿಟ್ಟರೆ ಅಲ್ಲಿಯವರಿಗೆ ನಿಮ್ಮ ತಲೆನೋವು. ನಿಮ್ಮ ಬೀದಿಯ ಖಾಲಿ ಜಾಗಕ್ಕೆ, ಕೋಳಿ ಅಂಗಡಿಯ ತ್ಯಾಜ್ಯ ಅಲ್ಲೇ ಬೀಳುತ್ತಿದ್ದರೆ, ಪಕ್ಕದ ಬೀದಿಯಿಂದ ಚಿಕಿತ್ಸೆಯಾಗದ ನಾಯಿಗಳು ಬಂದು ಸೇರುತ್ತವೆ.

ನೀವು ಕೇಳಬೇಕಾದ್ದು ಉಳಿದ ಒಂಬತ್ತರ ಬಗ್ಗೆ. ಚಿಕಿತ್ಸೆಯಾದ ನಾಯಿಯ ಕಿವಿಯ ತುದಿಯಲ್ಲಿ ಕತ್ತರಿಸಿದ ಗುರುತಿರುತ್ತದೆ. ಬೆಳಿಗ್ಗೆ ಆರರ ಸುಮಾರಿಗೆ, ವಾಹನಗಳ ಓಡಾಟ ಶುರುವಾಗುವ ಮೊದಲು, ಒಂದು ಸುತ್ತು ಹೋಗಿ ಕಿವಿ ಕಾಣುವಂತೆ ಫೋಟೊ ತೆಗೆಯಿರಿ. ಬಣ್ಣ, ಗಂಡೋ ಹೆಣ್ಣೋ, ಯಾವ ಅಡ್ಡರಸ್ತೆ, ಎಷ್ಟು ಹೊತ್ತಿಗೆ ಸಿಗುತ್ತದೆ ಎಂದು ಪಟ್ಟಿ ಮಾಡಿ, ನಗರಸಭೆಯಾದರೆ ಪೌರಾಯುಕ್ತರಿಗೆ, ಪುರಸಭೆಯಾದರೆ ಮುಖ್ಯಾಧಿಕಾರಿಗೆ, ಗ್ರಾಮ ಪಂಚಾಯಿತಿಯಾದರೆ ಪಿಡಿಒಗೆ ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ‘ನಾಯಿ ಕಾಟ ತಪ್ಪಿಸಿ’ ಎಂಬ ಒಂದು ಸಾಲಿನ ಅರ್ಜಿ ಹಿಡಿದು ಬಂದವರು ಕೈಗೆ ಸಿಕ್ಕ ಸಾಧು ನಾಯಿಯನ್ನೇ ಒಯ್ಯುತ್ತಾರೆ. ಓಡಿಹೋಗುವ ಚುರುಕು ಹೆಣ್ಣುನಾಯಿ ಉಳಿದುಬಿಡುತ್ತದೆ. ಒಂದು ಹೆಣ್ಣು ತಪ್ಪಿಸಿಕೊಂಡರೂ ವರ್ಷದೊಳಗೆ ಮರಿಗಳ ಗುಂಪು ಸಿದ್ಧ. ಮರಿ ಹಾಕಿ ಹಾಲೂಡುತ್ತಿರುವ ನಾಯಿಯನ್ನು ಮಾತ್ರ ತಕ್ಷಣ ಒಯ್ಯುವಂತಿಲ್ಲ. ಮರಿ ಕಾಯುವ ತಾಯಿಯೇ ಬೈಕಿನ ಹಿಂದೆ ಬೀಳುವುದು ಹೆಚ್ಚು, ಆದ್ದರಿಂದ ಪಟ್ಟಿಯಲ್ಲಿ ಅದನ್ನು ಬೇರೆಯಾಗಿ ಗುರುತಿಸಿ, ಮರಿಗಳು ಹಾಲು ಬಿಟ್ಟ ಮೇಲೆ ಮತ್ತೆ ನೆನಪಿಸಿ.

ಹಿಡಿದ ಜಾಗಕ್ಕೇ ಬಿಡಬೇಕೆಂಬ ನಿಯಮಕ್ಕೆ ವಿನಾಯಿತಿಗಳಿವೆ. ರೇಬಿಸ್ ತಗುಲಿದ ಅಥವಾ ಶಂಕೆಯಿರುವ ನಾಯಿಯನ್ನೂ ಮೇಲೆರಗುವ ಸ್ವಭಾವದ್ದನ್ನೂ ವಾಪಸ್ ಬಿಡಬಾರದೆಂದು ಸುಪ್ರೀಂ ಕೋರ್ಟ್ 2025ರ ಆಗಸ್ಟ್ 22ರಂದು ಹೇಳಿತು. ಅದೇ ವರ್ಷದ ನವೆಂಬರ್ 7ರ ಆದೇಶ ಶಾಲೆ, ಆಸ್ಪತ್ರೆ, ಕ್ರೀಡಾಂಗಣ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಗೆ ಸಂಬಂಧಿಸಿದ್ದು: ಅಲ್ಲಿ ಹಿಡಿದ ನಾಯಿಯನ್ನು ಅಲ್ಲಿಗೆ ಮರಳಿ ಬಿಡದೆ ಆಶ್ರಯ ಕೇಂದ್ರಕ್ಕೆ ಸೇರಿಸಬೇಕು, ಆವರಣಕ್ಕೆ ಬೇಲಿ ಅಥವಾ ಕಾಂಪೌಂಡ್ ಇರಬೇಕು. ನಿಮ್ಮ ನಾಯಿಗಳು ಮಲಗುವುದು ಶಾಲೆಯ ಆವರಣದೊಳಗೆ ಎಂದಾದರೆ ಅರ್ಜಿಯನ್ನು ಈ ಆದೇಶದ ಮೇಲೆ, ಶಾಲೆಯ ಮುಖ್ಯಸ್ಥರ ಸಹಿಯೊಂದಿಗೆ ಕೊಡಿ.

ಪ್ರಶ್ನೆ: ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಒಬ್ಬರು ಮೆಟ್ಟಿಲ ಬುಡದಲ್ಲೇ ನಾಯಿಗಳಿಗೆ ಅನ್ನ ಹಾಕುತ್ತಾರೆ. ಸಂಘದವರು ‘ಅನ್ನ ಹಾಕಿದರೆ ದಂಡ’ ಎಂದು ಬೋರ್ಡ್ ಹಾಕಿದ್ದಾರೆ. ಯಾರದು ಸರಿ?

ಉತ್ತರ: ಇಬ್ಬರದೂ ತಪ್ಪು. ಅನ್ನ ಹಾಕುವುದನ್ನೇ ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲ. 2023ರ ನಿಯಮಗಳು ಜಾಗ ಗುರುತಿಸಿಕೊಡುವ ಹೊಣೆಯನ್ನು ಸಂಘದ ಮೇಲೆಯೇ ಹೊರಿಸಿವೆ. ಆದರೆ ಆ ಜಾಗ ಮೆಟ್ಟಿಲು, ಗೇಟು, ಮಕ್ಕಳು ಆಡುವ ಕಡೆಗಳಿಂದ ದೂರವಿರಬೇಕು. ಮಕ್ಕಳು, ವಯಸ್ಸಾದವರು ಓಡಾಡದ ಹೊತ್ತು ನೋಡಿ ಹಾಕಬೇಕು, ಎಂಜಲು ಉಳಿಯಬಾರದು. ಎಲೆ ಹಾಸಿ ಸುರಿಯುವ ಬದಲು ತಟ್ಟೆಯಲ್ಲಿಟ್ಟು, ತಿಂದಾದ ಮೇಲೆ ಎತ್ತಿಡಿ. ಇಲ್ಲದಿದ್ದರೆ ಹೆಗ್ಗಣ ಬರುತ್ತದೆ, ಜಗಳ ಇಮ್ಮಡಿಯಾಗುತ್ತದೆ. ಜಾಗದ ವಿಷಯದಲ್ಲಿ ಒಮ್ಮತ ಬಾರದಿದ್ದರೆ ಸ್ಥಳೀಯ ಸಂಸ್ಥೆ ಪಶುವೈದ್ಯರು, ಪೊಲೀಸ್, ಸಂಘ, ದೂರುದಾರರು ಇರುವ ಪ್ರಾಣಿ ಕಲ್ಯಾಣ ಸಮಿತಿ ರಚಿಸಬೇಕು. ಅದು ತೋರಿಸಿದ ಜಾಗವೇ ಕೊನೆ.

ಪ್ರಶ್ನೆ: ಪಕ್ಕದ ಮನೆಯವರು ಸಾಕಿದ ನಾಯಿಯನ್ನು ಹಗಲೆಲ್ಲ ಬಿಟ್ಟಿರುತ್ತಾರೆ. ಮೊನ್ನೆ ಮಗುವಿನ ಕಾಲಿಗೆ ಕಚ್ಚಿ ರಕ್ತ ಬಂತು. ‘ನಮ್ಮದಕ್ಕೆ ಇಂಜೆಕ್ಷನ್ ಆಗಿದೆ, ಹೆದರಬೇಡಿ’ ಎನ್ನುತ್ತಾರೆ.

ಉತ್ತರ: ಆ ಮಾತು ನಂಬಿ ಕೂರಬೇಡಿ. ಆಸ್ಪತ್ರೆಗೆ ಇನ್ನೂ ಹೋಗಿಲ್ಲವಾದರೆ ಪತ್ರಿಕೆ ಕೆಳಗಿಟ್ಟು ಇವತ್ತೇ ಹೊರಡಿ. ದಿನಗಳು ಕಳೆದಿದ್ದರೂ ಲಸಿಕೆ ಹಾಕಿಸಲೇಬೇಕು. ರಕ್ತ ಬಂದ ಕಡಿತಕ್ಕೆ ಲಸಿಕೆಯ ಜೊತೆ ಗಾಯದ ಸುತ್ತ ಇಮ್ಯುನೊಗ್ಲಾಬ್ಯುಲಿನ್ (ತಕ್ಷಣ ರಕ್ಷಣೆ ಕೊಡುವ ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ಚರ್ಮದೊಳಗೆ ಕೊಡುವ ಲಸಿಕೆಯಾದರೆ 0 (ಮೊದಲ ಡೋಸಿನ ದಿನ), 3, 7, 28ನೇ ದಿನ. ಸ್ನಾಯುವಿಗಾದರೆ 14ನೇ ದಿನವೂ ಸೇರುತ್ತದೆ. ಕಚ್ಚಿದೊಡನೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ, ಗಡಿಯಾರ ನೋಡಿಕೊಂಡೇ, ತೊಳೆಯಬೇಕು. ಸುಣ್ಣ, ಅರಿಶಿನ, ಖಾರದಪುಡಿ ಬೇಡವೇ ಬೇಡ.

ನಾಯಿಗೆ ಹೊಡೆಯಬೇಡಿ, ಓಡಿಸಬೇಡಿ. ಕಚ್ಚಿದ ದಿನದಿಂದ 10 ದಿನ ಅದು ಕಣ್ಣೆದುರಿಗಿರಬೇಕು. ಆರೋಗ್ಯವಾಗಿದ್ದರೆ ಮುಂದಿನ ಡೋಸುಗಳ ವಿಷಯ ವೈದ್ಯರು ಹೇಳುತ್ತಾರೆ. ಯಜಮಾನರಿಂದ ಲಸಿಕೆ ಪುಸ್ತಕ ಕೇಳಿ ತಾರೀಖು ನೋಡಿ. ಸಾಕುಪ್ರಾಣಿಯನ್ನು ಹತೋಟಿಯಲ್ಲಿಡದೆ ಅಪಾಯ ತಂದರೆ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಂ ಪ್ರಕಾರ 6 ತಿಂಗಳವರೆಗೆ ಸಜೆ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಠಾಣೆಗೆ ಹೋಗುವಾಗ ಆಸ್ಪತ್ರೆಯ ಚೀಟಿ, ಗಾಯದ ಫೋಟೊ ಜೊತೆಗಿರಲಿ.

ಪ್ರಶ್ನೆ: ವರ್ಗವಾಗಿ ಹೋಗುವವರು ಸಾಕಿದ ನಾಯಿಯನ್ನು ಬೀದಿಗೆ ಬಿಟ್ಟರೆ ಶಿಕ್ಷೆಯಿದೆಯೇ?

ಉತ್ತರ: ಇದೆ. ಹಸಿವು ಬಾಯಾರಿಕೆಯಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ಮೊದಲ ತಪ್ಪಿಗೆ ದಂಡ ಎಷ್ಟು ಗೊತ್ತೇ? ಹತ್ತು ರೂಪಾಯಿಯಿಂದ ಐವತ್ತು ರೂಪಾಯಿ.