ರೋಮ್ ಬಿದ್ದದ್ದು ಯಾವ ವರ್ಷ?

ಹಾವೇರಿಯ ಓದುಗರೊಬ್ಬರ ಪತ್ರ: "ಪಶ್ಚಿಮ ರೋಮ್ ಸಾಮ್ರಾಜ್ಯ 476ರಲ್ಲಿ ಕೊನೆಯಾಯಿತು ಎಂದು ಕಳೆದ ಸಂಚಿಕೆಯಲ್ಲಿ ಬರೆದಿದ್ದೀರಿ. ಅಷ್ಟು ದೊಡ್ಡ ರಾಜ್ಯ ಒಂದೇ ವರ್ಷಕ್ಕೆ ಬೀಳುತ್ತದೆಯೇ? ಭೋಗ ಜಾಸ್ತಿಯಾಗಿ ಕೆಟ್ಟರು ಅನ್ನುತ್ತಾರಲ್ಲ, ಅದು ನಿಜವೇ?"

ಸಂಪಾದಕರ ಉತ್ತರ:

ನಿಮ್ಮ ಅನುಮಾನ ಸರಿಯಾಗಿಯೇ ಇದೆ. 476ರಲ್ಲಿ ಒಡೊಯೇಸರ್ ಎಂಬ ಸೇನಾನಾಯಕ ಇಟಲಿಯಲ್ಲಿ ರೊಮುಲಸ್ ಅಗಸ್ಟುಲಸ್ ಎಂಬ ಹುಡುಗನನ್ನು ಗದ್ದುಗೆಯಿಂದ ಇಳಿಸಿದ. ಕೊಲ್ಲಲಿಲ್ಲ, ವರ್ಷಾಶನ ಗೊತ್ತುಮಾಡಿ ಕಳಿಸಿದ. ಆಮೇಲೂ ರೋಮಿನಲ್ಲಿ ಸೆನೆಟ್ ಸಭೆ ಸೇರುತ್ತಲೇ ಇತ್ತು. ಅಷ್ಟು ಹೊತ್ತಿಗೆ ಆ ಗದ್ದುಗೆಗೆ ಇಟಲಿಯಾಚೆ ಹೆಚ್ಚೇನೂ ಉಳಿದಿರಲಿಲ್ಲ.

ಭೋಗದ ಮಾತನ್ನು ನಾನು ಒಪ್ಪುವುದಿಲ್ಲ. ಸಾಮ್ರಾಜ್ಯದ ಪೂರ್ವ ಭಾಗದ ರಾಜಧಾನಿ ಕಾನ್‌ಸ್ಟಾಂಟಿನೋಪಲ್‌ನ ಅರಮನೆಯಲ್ಲಿ ವೈಭವಕ್ಕೇನು ಕಡಿಮೆಯಿತ್ತೇ? ಆದರೂ ಪೂರ್ವದ ರೋಮ್ 1453ರವರೆಗೆ ಬಾಳಿತು. ಪಶ್ಚಿಮಕ್ಕೆ ಕುತ್ತು ಬಂದದ್ದು ದುಡ್ಡಿನಿಂದ. ಕಂದಾಯದ ದೊಡ್ಡ ಪಾಲು ಸೈನ್ಯಕ್ಕೇ ಬೇಕಿತ್ತು. ಒಂದು ಪ್ರಾಂತ ಕೈತಪ್ಪಿದರೆ ಕಂದಾಯ ಇಳಿಯಿತು. ಕಂದಾಯ ಇಳಿದರೆ ಪಡೆ ಕರಗಿತು. ಪಡೆ ಕರಗಿದರೆ ಇನ್ನೊಂದು ಪ್ರಾಂತವೂ ಹೋಯಿತು.

410ರಲ್ಲಿ ಗೋತ್ ಬುಡಕಟ್ಟಿನ ನಾಯಕ ಅಲಾರಿಕ್ ರೋಮ್ ನಗರವನ್ನೇ ಲೂಟಿ ಮಾಡಿದ್ದನ್ನು ಎಲ್ಲರೂ ದೊಡ್ಡದಾಗಿ ಹೇಳುತ್ತಾರೆ. ನನ್ನ ಪ್ರಕಾರ ಅದಕ್ಕಿಂತ ಜೋರು ಏಟು ಬಿದ್ದದ್ದು 439ರಲ್ಲಿ. ಆ ವರ್ಷ ವ್ಯಾಂಡಲರೆಂಬ ಬುಡಕಟ್ಟಿನ ರಾಜ ಗೈಸರಿಕ್ ಕಾರ್ಥೇಜ್ ಹಿಡಿದ. ರೋಮಿಗೆ ದವಸ, ಆಲಿವ್ ಎಣ್ಣೆ ಬರುತ್ತಿದ್ದದ್ದು ಉತ್ತರ ಆಫ್ರಿಕಾದ ಆ ನೆಲದಿಂದ. ಖಜಾನೆಗೂ ಅದೇ ಆಸರೆ. 468ರಲ್ಲಿ ಅದನ್ನು ಬಿಡಿಸಿಕೊಳ್ಳಲು ಪೂರ್ವದಿಂದ ಭಾರಿ ಹಡಗುಪಡೆ ಹೋಯಿತು. ಗೈಸರಿಕ್ ಹಡಗುಗಳಿಗೆ ಬೆಂಕಿ ಹಚ್ಚಿ ಅದರತ್ತ ತೇಲಿಬಿಟ್ಟ. ಅಲ್ಲಿಗೆ ಆ ಆಸೆಯೂ ಮುಗಿಯಿತು.

ಸಂಬಳ ನಿಂತಾಗ ಗಡಿಯಲ್ಲಿ ಏನಾಯಿತು ಅನ್ನುವುದಕ್ಕೆ ಒಂದು ದಾಖಲೆ ಉಳಿದಿದೆ. ಸಂತ ಸೆವೆರಿನಸ್‌ನ ಚರಿತ್ರೆಯಲ್ಲಿ ಅವನ ಶಿಷ್ಯ ಯೂಜಿಪಿಯಸ್ ಅದನ್ನು ಬರೆದಿಟ್ಟಿದ್ದಾನೆ. ಗಡಿಯಾಗಿದ್ದ ಡ್ಯಾನ್ಯೂಬ್ ನದಿಯ ದಡದ ಪಡೆಗಳು ಒಂದೊಂದಾಗಿ ಚದುರಿಹೋದವು. ಇಂದಿನ ಜರ್ಮನಿಯ ಪಸ್ಸಾವ್, ಆಗಿನ ಬಟಾವಿಸ್‌ನ ತುಕಡಿ ಮಾತ್ರ ಜಾಗ ಬಿಡಲಿಲ್ಲ. ಕೊನೆಯ ಸಂಬಳ ತರಲು ತಮ್ಮಲ್ಲೇ ಕೆಲವರನ್ನು ಇಟಲಿಗೆ ಕಳಿಸಿದರು. ದಾರಿಯಲ್ಲಿ ಅವರನ್ನು ಕೊಂದುಹಾಕಿದ್ದು ಇವರಿಗೆ ಗೊತ್ತೇ ಆಗಲಿಲ್ಲ. ಹೆಣಗಳು ನದಿಯಲ್ಲಿ ತೇಲಿ ಬಂದಾಗಲೇ ತಿಳಿದದ್ದು. ಇದನ್ನು ಓದುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಅವರು ಯಾವ ಭೋಗದಲ್ಲೂ ಮುಳುಗಿದವರಲ್ಲ, ಅಲ್ವಾ?

ಹಾಗಾಗಿ ನೀವು ಕೇಳಿದ ವರ್ಷ ಊರೂರಿಗೆ ಬೇರೆ. ಕಾರ್ಥೇಜಿನವರಿಗೆ ಅದು 439. ಬಟಾವಿಸ್ ಕಡೆಯ ರೋಮನ್ನರಿಗೆ 488 ಅನ್ನಬಹುದು. ಆ ವರ್ಷ ಅವರೆಲ್ಲ ಮನೆಮಠ ಬಿಟ್ಟು ಇಟಲಿಗೆ ಬರಬೇಕೆಂದು ಅಪ್ಪಣೆಯಾಯಿತು. ಅಪ್ಪಣೆ ಕೊಟ್ಟವನು ಅದೇ ಒಡೊಯೇಸರ್.