ಹೊಲ ಅಥಣಿಯಲ್ಲೂ ಇದೆ, ಜತ್ತದಲ್ಲೂ ಇದೆ: ದಾವೆ ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ತವರು ಅಥಣಿ ತಾಲ್ಲೂಕು. ಅಲ್ಲಿ ಹಿರಿಯರ ಕಾಲದ 6 ಎಕರೆ ಕಬ್ಬಿನ ತೋಟವಿದೆ. ಗಡಿಯಾಚೆ ಮಹಾರಾಷ್ಟ್ರದ ಜತ್ತದಲ್ಲಿ 3 ಎಕರೆ ಜೋಳದ ಹೊಲವೂ ಇದೆ. ಅಪ್ಪ 2001ರಲ್ಲಿ ತೀರಿಕೊಂಡರು. ವಾರಸಾ ಮಾಡಿಸುವಾಗ ಅಣ್ಣ ನನ್ನ ಹೆಸರು ಬಿಟ್ಟಿದ್ದಾನೆ. ವರ್ಷಕ್ಕೆ ಎರಡು ಚೀಲ ಜೋಳ ಮಾತ್ರ ಕಳಿಸುತ್ತಿದ್ದ. ಹೋದ ವರ್ಷ ಪಾಲು ಕೇಳಿದರೆ, ‘ನಿನ್ನ ಮದುವೆ 1992ರಲ್ಲೇ ಆಗಿದೆ, ಪಾಲು ಬರಲ್ಲ’ ಎಂದ. ನಾನಿರುವ ವಿಜಯಪುರದಲ್ಲೇ ದಾವೆ ಹಾಕಬಹುದೇ?

ಉತ್ತರ: ಇಲ್ಲ ಅಕ್ಕಾ. ಜಮೀನಿನ ದಾವೆ ಜಮೀನು ಇರುವ ಕಡೆಯೇ ನಡೆಯಬೇಕು. ನೀವು ಎಲ್ಲಿದ್ದೀರಿ ಅನ್ನೋದು ಲೆಕ್ಕಕ್ಕೆ ಬರಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆಯ 16ನೇ ಸೆಕ್ಷನ್ ಹೇಳುವುದು ಇದನ್ನೇ. ಆದರೆ ಎರಡು ಕಡೆ ಎರಡು ದಾವೆ ಬೇಕಿಲ್ಲ. 17ನೇ ಸೆಕ್ಷನ್ ಪ್ರಕಾರ ಎರಡೂ ಹೊಲ ಸೇರಿಸಿ ಒಂದೇ ಕಡೆ ಪಾಲು ಕೇಳಬಹುದು. ನನ್ನ ಸಲಹೆ ಅಥಣಿ. ಜಾಸ್ತಿ ಆಸ್ತಿ ಅಲ್ಲೇ ಇದೆ, ಕಾಗದಪತ್ರ ಕನ್ನಡದಲ್ಲಿದೆ. ಜತ್ತದ ಸಾತಬಾರಾ ಉತಾರ (ನಮ್ಮ ಪಹಣಿಯಂಥ ದಾಖಲೆ) ಮರಾಠಿಯಲ್ಲಿರುತ್ತದೆ, ಅದನ್ನು ಅನುವಾದ ಮಾಡಿಸಿ ಹಾಜರುಪಡಿಸಿ. ಮೇಲ್ಮನವಿ ಹೈಕೋರ್ಟಿಗೆ ಹೋದರೆ ಧಾರವಾಡ ಪೀಠಕ್ಕೆ ಹೋಗುತ್ತದೆ. ನಿಮ್ಮ ವಿಜಯಪುರದ ಪ್ರಕರಣಗಳಾದರೆ ಕಲಬುರಗಿಗೆ.

ಇನ್ನು ಮದುವೆಯ ಮಾತು. ಅಣ್ಣ ಸುಮ್ನೆ ಹುಟ್ಟಿಸಿಕೊಂಡು ಹೇಳಿದ್ದಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಪಾಲು ಕೊಡುವ ತಿದ್ದುಪಡಿಯನ್ನು ಕರ್ನಾಟಕ, ಮಹಾರಾಷ್ಟ್ರ ಎರಡೂ 1994ರಲ್ಲಿ ಜಾರಿಗೆ ತಂದವು. ಆದರೆ ಅದಕ್ಕೂ ಮೊದಲೇ ಮದುವೆಯಾದವರನ್ನು ಎರಡೂ ಹೊರಗಿಟ್ಟವು. ಎಷ್ಟೋ ಅಕ್ಕತಂಗಿಯರು ಆ ಒಂದು ಸಾಲನ್ನು ನಂಬಿ ಇವತ್ತಿಗೂ ಸುಮ್ಮನಿದ್ದಾರೆ, ಅದೇ ನನಗೆ ಸಂಕಟ. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಿಂದ ಬಂತು. ಮದುವೆಯ ಷರತ್ತು ಹೋಯಿತು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿದೆ. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕಾಯ್ದೆಬದ್ಧವಾಗಿ ವಾಟ್ನಿ (ಆಸ್ತಿ ಹಂಚಿಕೆ) ಆಗಿದ್ದರೆ ಮಾತ್ರ ಅದನ್ನು ಕೆದಕುವಂತಿಲ್ಲ. ಅಂಥದ್ದು ಇದೆಯೇ ಎಂದು ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಮೊದಲು ನೋಡಿಸಿ.

ಆ ಎರಡು ಚೀಲ ಜೋಳ ನಿಮ್ಮ ಪಾಲಿಗೆ ಸಣ್ಣ ವಿಷಯವಲ್ಲ. ಒಬ್ಬ ವಾರಸುದಾರನ ಕಬ್ಜೆ (ಸ್ವಾಧೀನ) ಎಲ್ಲರ ಕಬ್ಜೆ ಎನ್ನುತ್ತದೆ ಕಾನೂನು. ಜೋಳ ಬರುತ್ತಿತ್ತು ಅಂದರೆ ನಿಮ್ಮನ್ನು ಹೊರಗೆ ಹಾಕಿರಲಿಲ್ಲ ಎಂದು ವಾದಿಸಬಹುದು. ಕೋರ್ಟ್ ಶುಲ್ಕ ರಾಜ್ಯದ ಕಾಯ್ದೆಯಂತೆ. ನಮ್ಮ 1958ರ ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಜಂಟಿ ಕಬ್ಜೆ ಇದ್ದವರಿಗೆ ಸಣ್ಣ ನಿಗದಿತ ಶುಲ್ಕ, ಹೊರಬಿದ್ದವರಿಗೆ ಪಾಲಿನ ಬೆಲೆಯ ಮೇಲೆ ಶುಲ್ಕ. ಹೊರಹಾಕಿದ್ದು ತಿಳಿದ ದಿನದಿಂದ 12 ವರ್ಷದ ಗಡುವೂ ಇದೆ. ಹಾಗಾಗಿ ಚೀಲ ತಂದ ಗಾಡಿಯವರು, ನೆರೆಹೊರೆಯವರು ಯಾರೆಂದು ಈಗಲೇ ಬರೆದಿಟ್ಟುಕೊಳ್ಳಿ.

ಜತ್ತದ 3 ಎಕರೆಗೆ ಮಾತ್ರ ಮಹಾರಾಷ್ಟ್ರದ 1947ರ ತುಕಡೆಬಂದಿ ಕಾಯ್ದೆ ಅಡ್ಡ ಬರಬಹುದು. ತೀರಾ ಸಣ್ಣ ತುಂಡು ಮಾಡಲು ಅದು ಬಿಡಲ್ಲ. ಅಲ್ಲಿಯ ಪಾಲಿನ ಬದಲು ತೋಟದಲ್ಲಿ ಹೆಚ್ಚು ಕೇಳುವ ದಾರಿಯನ್ನು ವಕೀಲರ ಹತ್ತಿರ ಮಾತಾಡಿ. ವಕೀಲರ ಖರ್ಚು ಭಾರವಾದರೆ ಅಥಣಿಯ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಹೆಣ್ಣುಮಕ್ಕಳಿಗೆ ಆದಾಯ ನೋಡದೆ ಉಚಿತ ನೆರವು ಸಿಗುತ್ತದೆ.

ಪ್ರಶ್ನೆ: ಇಳಕಲ್ಲಿನ ಸೀರೆ ವ್ಯಾಪಾರಿ ನಾನು. ಪುಣೆಯವರು ಕೊಟ್ಟ ಚೆಕ್ ಬೌನ್ಸ್ ಆಗಿದೆ. ಕೇಸಿಗೆ ಪುಣೆಗೇ ಹೋಗಬೇಕೇ?

ಉತ್ತರ: ಬೇಡ. ಚೆಕ್ ಕಾನೂನಿನ 2015ರ ತಿದ್ದುಪಡಿಯ ನಂತರ, ಚೆಕ್ಕನ್ನು ನಿಮ್ಮ ಖಾತೆಗೆ ಹಾಕಿದ್ದರೆ, ಖಾತೆ ಇರುವ ಶಾಖೆಯ ವ್ಯಾಪ್ತಿಯ ಕೋರ್ಟಿನಲ್ಲೇ ದೂರು ಕೊಡಬೇಕು. ಚೆಕ್ ವಾಪಸ್ ಬಂದ ಚೀಟಿ ಕೈಗೆ ಸಿಕ್ಕ ದಿನ ನೋಡಿಕೊಳ್ಳಿ. ಅಲ್ಲಿಂದ 30 ದಿನದೊಳಗೆ ನೋಟಿಸ್ ಹೋಗಬೇಕು. ನೋಟಿಸ್ ತಲುಪಿದ ಮೇಲೆ ಅವರಿಗೆ 15 ದಿನ. ಆಗಲೂ ಹಣ ಬರದಿದ್ದರೆ ಮುಂದಿನ ಒಂದು ತಿಂಗಳಲ್ಲಿ ದೂರು. ನೋಟಿಸ್ ಸ್ಪೀಡ್ ಪೋಸ್ಟಿನಲ್ಲೇ ಕಳಿಸಿ, ರಸೀದಿ ಕಳೆಯಬೇಡಿ.