ಪೆಂಗ್ವಿನ್ ಲೇಖನ ಕಳಿಸಿದವರಿಗೆ

ನಮಸ್ಕಾರ.

ಮಕ್ಕಳ ಪುಟಕ್ಕೆ ನೀವು ಕಳಿಸಿದ 'ಹಿಮಲೋಕದ ಪೆಂಗ್ವಿನ್' ಲೇಖನ ಓದಿದೆ. ಈಗಿರುವ ಹಾಗೆ ಹಾಕಿಕೊಳ್ಳಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ತಿದ್ದಿದರೆ ಚೆನ್ನಾಗಿ ಬರುತ್ತದೆ.

ಮೊದಲು ತಪ್ಪುಗಳನ್ನು ನೋಡೋಣ. ನಿಮ್ಮ ಪೆಂಗ್ವಿನ್ ಹಿಮಕರಡಿಗೆ ಹೆದರಿ ಓಡುತ್ತದೆ. ಹಿಮಕರಡಿ ಇರುವುದು ಉತ್ತರ ಧ್ರುವದ ಕಡೆ, ಪೆಂಗ್ವಿನ್ ದಕ್ಷಿಣದ ಕಡೆ. ಎರಡೂ ಎದುರಾಗುವುದೇ ಇಲ್ಲ. ಬೇಟೆಗಾರ ಬೇಕೇ ಬೇಕು ಅಂದರೆ ಲೆಪರ್ಡ್ ಸೀಲ್ ಎಂಬ ಕಡಲ ಪ್ರಾಣಿ ಇದೆ. 'ಎಲ್ಲ ಪೆಂಗ್ವಿನ್‌ಗಳೂ ಮಂಜಿನಲ್ಲೇ ಬದುಕುತ್ತವೆ' ಅನ್ನುವ ಸಾಲನ್ನೂ ತೆಗೆಯಿರಿ. ಕೇಪ್‌ಟೌನ್ ಹತ್ತಿರದ ಮರಳ ದಂಡೆಯಲ್ಲಿ, ಪೆರು, ಚಿಲಿ ಕರಾವಳಿಯಲ್ಲಿ ಪೆಂಗ್ವಿನ್‌ಗಳಿವೆ. ಗಲಾಪಗೋಸ್ ದ್ವೀಪಗಳಲ್ಲಂತೂ ಭೂಮಧ್ಯರೇಖೆಯ ಮೇಲೆಯೇ ಇವೆ.

ಇನ್ನು ಮುಖ್ಯ ಮಾತು, ಪೆಂಗ್ವಿನ್‌ಗಳಲ್ಲೇ ಅತಿ ದೊಡ್ಡದಾದ ಎಂಪರರ್‌ನದು. 'ಗಂಡು ಎಂಪರರ್ ಪೆಂಗ್ವಿನ್ ಮೊಟ್ಟೆಯನ್ನು ಪಾದದ ಮೇಲೆ ಇಟ್ಟುಕೊಳ್ಳುತ್ತದೆ' ಅಂತ ಕೊನೆಯಲ್ಲಿ ಒಂದೇ ಸಾಲು ಬರೆದು ಮುಂದೆ ಹೋಗಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದೇ ಅಲ್ಲಿಂದ! ಅಂಟಾರ್ಕ್ಟಿಕಾದ ಚಳಿಗಾಲ, ಮೈನಸ್ 40 ಡಿಗ್ರಿಗಿಂತ ಕೆಳಗಿಳಿಯುವ ಚಳಿ. ಹೆಣ್ಣು ಮೊಟ್ಟೆಯಿಟ್ಟು, ಹೊಟ್ಟೆ ತುಂಬಿಸಿಕೊಳ್ಳಲು ಕಡಲಿಗೆ ಹೊರಡುತ್ತದೆ. ಗಂಡು ಸುಮಾರು 65 ದಿನ ಆ ಮೊಟ್ಟೆಗೆ ಹೊಟ್ಟೆಯ ಚರ್ಮದ ಮಡಿಕೆ ಮುಚ್ಚಿ ನಿಂತಿರುತ್ತದೆ. ಅದಕ್ಕೂ ಮೊದಲಿನ ದಿನಗಳನ್ನು ಸೇರಿಸಿದರೆ ನಾಲ್ಕು ತಿಂಗಳ ಹತ್ತಿರ ಉಪವಾಸ. ಮೈ ತೂಕ ಅರ್ಧಕ್ಕೆ ಹತ್ತಿರ ಇಳಿಯುತ್ತದೆ.

'ಕೊಬ್ಬು ಜಾಸ್ತಿ ಇರುವುದರಿಂದ ಚಳಿಯಾಗುವುದಿಲ್ಲ' ಅಂದಿದ್ದೀರಿ. ಅಷ್ಟಕ್ಕೆ ಮಕ್ಕಳು ಬಿಡುತ್ತಾರಾ? ಬರಿಗಾಲು ಹೆಪ್ಪುಗಟ್ಟಲ್ವಾ ಅಂತ ಕೇಳಿಯೇ ಕೇಳುತ್ತಾರೆ. ಕಾಲಿಗೆ ಇಳಿಯುವ ಬಿಸಿರಕ್ತದ ನಾಳ, ಮೇಲೇರುವ ತಣ್ಣನೆಯ ರಕ್ತದ ನಾಳ ಎರಡೂ ಅಕ್ಕಪಕ್ಕ ಇವೆ. ಇಳಿಯುವ ರಕ್ತ ತನ್ನ ಬಿಸಿಯನ್ನು ಏರುವ ರಕ್ತಕ್ಕೆ ಕೊಟ್ಟುಬಿಡುತ್ತದೆ. ಪಾದಕ್ಕೆ ಸಿಗುವುದು ಹೆಪ್ಪುಗಟ್ಟದಿರಲು ಬೇಕಾದಷ್ಟು ಬಿಸಿ ಮಾತ್ರ. ಹಾಗಾಗಿ ಮೈಯ ಬಿಸಿ ಮಂಜಿಗೆ ಸೋರಿಹೋಗುವುದಿಲ್ಲ. ಒತ್ತಾದ ಗರಿಗಳು ಗಾಳಿಯನ್ನು ಹಿಡಿದಿಟ್ಟು ಕೊಬ್ಬಿಗಿಂತ ಹೆಚ್ಚು ಕೆಲಸ ಮಾಡುತ್ತವೆ, ಅದನ್ನೂ ಬರೆಯಿರಿ.

ಗಂಡು ಪೆಂಗ್ವಿನ್‌ಗಳು ಚಳಿಗೆ ಗುಂಪುಗೂಡಿ ನಿಲ್ಲುವುದಕ್ಕೆ ನೀವು 'ತ್ಯಾಗ', 'ದಿವ್ಯ ಪ್ರೇಮ' ಎಂದೆಲ್ಲ ಹೆಸರಿಟ್ಟಿದ್ದೀರಿ. ಬೇಡ. ಏನಾಗುತ್ತದೆ ಅನ್ನುವುದನ್ನು ಹೇಳಿ ಸಾಕು. ನಿಮಿಷಕ್ಕೊಂದೆರಡು ಸಲ ಗುಂಪು ಸಣ್ಣ ಹೆಜ್ಜೆ ಕದಲುತ್ತದೆ. ಅಂಚಿನವು ನಿಧಾನಕ್ಕೆ ಒಳಗೆ ಬರುತ್ತವೆ, ಒಳಗಿನವು ಹೊರಗೆ. ನಟ್ಟನಡುವೆ 37 ಡಿಗ್ರಿ ಸೆಕೆಯೂ ಆಗುವುದುಂಟು! ನನಗಂತೂ ಓದಿದಾಗಲೆಲ್ಲ ಬೆರಗಾಗುತ್ತದೆ.

ಮರಿ ಹೊರಬಂದಾಗ ತಾಯಿ ಇನ್ನೂ ಬಂದಿರದಿದ್ದರೆ, ಉಪವಾಸದ ತಂದೆ ತನ್ನ ಗಂಟಲಿನೊಳಗಿಂದ ಮೊಸರಿನಂಥ ದ್ರವ ತಂದು ಉಣಿಸುತ್ತದೆ. ನಿಮ್ಮ ಲೇಖನದಲ್ಲಿ ಇದು ಇಲ್ಲವೇ ಇಲ್ಲ. ಸೇರಿಸಿ, 500 ಪದದೊಳಗೆ ಮತ್ತೆ ಬರೆದು ಕಳಿಸಿ. ಗಲಾಪಗೋಸ್ ಇನ್ನೊಂದು ಲೇಖನಕ್ಕಿರಲಿ, ಅದನ್ನೂ ನೀವೇ ಬರೆಯಿರಿ.